ಅಕ್ಕನ ನಿದ್ದೆಗೊಂದು ಕ್ಯಾಬಿನೆಟ್

ದೇರೆಬೈಲಿನ ಹೇಮಾಕ್ಷಿ ಮತ್ತು ಅವಳ ಅಕ್ಕ ದೇಯಿ ಒಂದೇ ಸೂರಿನಡಿ ಬದುಕಿದವರಾದರೂ ಒಬ್ಬರಿಗೊಬ್ಬರು ಸರಿಯಾಗಿ ಸಿಗುತ್ತಿದ್ದದ್ದು ಹೊಸ್ತಿಲಲ್ಲಿ ಮಾತ್ರ. ದೇಯಿ ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯ ನರ್ಸು. ಹಗಲು ಪಾಳಿ ಕೊಡುತ್ತೇವೆ ಎಂದರೂ ಬೇಡ ಎಂದವಳು. ಹಗಲಿನಲ್ಲಿ ರೋಗಿಗಿಂತ ರೋಗಿಯನ್ನು ನೋಡಲು ಬರುವ ನೆಂಟರ ಉಪದ್ರವೇ ಹೆಚ್ಚು ಎಂಬುದು ಅವಳ ಅಭಿಪ್ರಾಯ. ಬೆಳಿಗ್ಗೆ ಅವಳು ಬಸ್ಸಿಳಿದು ಬರುವ ಹೊತ್ತಿಗೆ ಹೇಮಾಕ್ಷಿ ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟು ನಿಂತಿರುತ್ತಿದ್ದಳು.

"ಗಂಜಿ ಮುಚ್ಚಿಟ್ಟಿದ್ದೇನೆ. ಒಣಮೀನಿನ ಚಟ್ನಿ ಉಂಟು."

"ಆಯ್ತು. ಕೊಡೆ ತಗೊಂಡಿದ್ದೀಯಾ?"

ಇಷ್ಟಾದರೆ ಆಯಿತು. ಒಬ್ಬಳು ಗಂಜಿ ಉಂಡು ಮಲಗುವಳು, ಇನ್ನೊಬ್ಬಳು ಬಂದರಿನ ಬಸ್ಸು ಹಿಡಿಯುವಳು. ದೇಯಿಗೆ ಬಂದ ಸಂಬಂಧಗಳೆಲ್ಲ ಅಪ್ಪ ನೋಣಯ್ಯ ಹಾಸಿಗೆ ಹಿಡಿದಿದ್ದ ಕಾಲಕ್ಕೆ ಬಂದು ಹೋದವು. ಹೇಮಾಕ್ಷಿಗೆ ಬಂದವು ಅವಳಿಗೆ ಹಿಡಿಸಲಿಲ್ಲ. ಆ ಬಗ್ಗೆ ಇಬ್ಬರಿಗೂ ದೊಡ್ಡ ವ್ಯಥೆಯೇನೂ ಇರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿದ ಅಪ್ಪ ಕಟ್ಟಿಟ್ಟು ಹೋದ ಮನೆ ಅದು: ಮುಂದೆ ಜಗಲಿ, ಹಿಂದೆ ಅಡಿಗೆಕೋಣೆ, ನಡುವೆ ಒಂದೇ ಒಂದು ಉದ್ದ ಕೋಣೆ. ಮಲಗುವುದು, ಕೂರುವುದು, ದೇವರ ದೀಪ ಎಲ್ಲ ಅದರಲ್ಲೇ.

ದೇಯಿಯ ನಿದ್ದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಗಳದಲ್ಲಿ ತೆಂಗಿನ ಗರಿ ಬಿದ್ದರೂ ಎದ್ದು ಕೂರುವ ನಿದ್ದೆ ಅದು. ವರ್ಷಗಟ್ಟಲೆ ರಾತ್ರಿಯಿಡೀ ರೋಗಿಗಳ ಉಸಿರಿಗೆ ಕಿವಿಗೊಟ್ಟು ಕೂತವಳಿಗೆ ಮಲಗಿದರೂ ಕಿವಿ ಮಲಗುತ್ತಿರಲಿಲ್ಲ. ಅದು ಗೊತ್ತಿದ್ದ ನೆರೆಯವರು ಹಗಲಿನಲ್ಲಿ ಕೊಡಪಾನ ಕೂಡ ಮೆಲ್ಲ ಇಡುತ್ತಿದ್ದರು.

ಹೇಮಾಕ್ಷಿಯದು ಇದಕ್ಕೆ ತದ್ವಿರುದ್ಧವಾದ ಲೋಕ. ಅರುವತ್ತೆಂಟರಲ್ಲಿ ಅವಳು ಬಂದರಿನ ಒಂದು ಗೋಡಂಬಿ ರಫ್ತು ಕಂಪೆನಿಗೆ ಟೈಪಿಸ್ಟ್ ಆಗಿ ಸೇರಿದಳು. ಕೆಳಗೆ ಗೋದಾಮು, ಮೇಲೆ ಮರದ ಅಟ್ಟದ ಆಫೀಸು, ಅಟ್ಟದ ಮೇಲೆ ಸಾಲಾಗಿ ಟೈಪ್‌ರೈಟರುಗಳು. ಎಲ್ಲ ಒಟ್ಟಿಗೆ ಹೊಡೆದುಕೊಂಡರೆ ಆಲಿಕಲ್ಲು ಮಳೆ ಹಂಚಿನ ಮೇಲೆ ಬಿದ್ದಂತೆ. ಎಪ್ಪತ್ತರ ದಶಕವಿಡೀ ಅವಳು ಆ ಮಳೆಯಲ್ಲೇ ಕೂತು ಕೆಲಸ ಮಾಡಿದಳು. ಸಂಜೆ ಬಸ್ಸಿನಲ್ಲಿ ಕಿಟಕಿ ಬದಿ ಕೂತಾಗಲೂ ಕಿವಿಯೊಳಗೆ ಅದೇ ಸದ್ದು. ಟೈಪ್‌ರೈಟರಿಗೆ ಕ್ಷಮಿಸುವ ಗುಣವಿಲ್ಲ. ನಡುವೆ ಕಾರ್ಬನ್ ಇಟ್ಟ ಅಷ್ಟೂ ಹಾಳೆಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಎಲ್ಲ ಹಾಳೆಗಳನ್ನೂ ಉಜ್ಜಿ ತಿದ್ದಬೇಕು. ಅವಳು ತಪ್ಪುತ್ತಿದ್ದದ್ದು ಕಡಿಮೆ. ಆದರೆ ತಪ್ಪಿದ ದಿನ ಊಟ ಸೇರುತ್ತಿರಲಿಲ್ಲ.

ಎಂಬತ್ತೈದರಲ್ಲಿ ಕಂಪೆನಿಯ ಯಜಮಾನರಾದ ಚಿತ್ತರಂಜನ ಶೆಟ್ಟರು ಒಂದು ಕಂಪ್ಯೂಟರು ತರಿಸಿದರು. ಅದಕ್ಕೊಂದು ಗಾಜಿನ ಕೋಣೆ, ಏಸಿ, ಬಾಗಿಲಲ್ಲಿ ಚಪ್ಪಲಿ ಕಳಚುವ ನಿಯಮ. ಬೆರಳು ಚುರುಕಾಗಿದ್ದದ್ದಕ್ಕೆ ಹೇಮಾಕ್ಷಿಯನ್ನೇ ಒಳಗೆ ಕಳುಹಿಸಿದರು. ಮೊದಲ ದಿನವೇ ಅವಳು ಒಂದು ಅಕ್ಷರ ತಪ್ಪಾಗಿ ಒತ್ತಿ, ಉಸಿರು ಹಿಡಿದು, ಕಲಿಸಿಕೊಟ್ಟಿದ್ದ ಇನ್ನೊಂದು ಕೀಲಿ ಒತ್ತಿದಳು. ಅಕ್ಷರ ಹೋಯಿತು. ಕಲೆಯಿಲ್ಲ, ಉಜ್ಜಿದ ಗುರುತಿಲ್ಲ. ಅಂದು ಸಂಜೆ ಡ್ಯೂಟಿಗೆ ಹೊರಟಿದ್ದ ಅಕ್ಕನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿದಳು:

"ಅಕ್ಕ, ತಪ್ಪು ಮಾಡಿದ್ದು ಯಾರಿಗೂ ಗೊತ್ತಾಗುದಿಲ್ಲ. ಒಂದು ಒತ್ತಿದರೆ ಆಯ್ತು, ಹೋಯ್ತು."

"ನಮ್ಮ ಡಾಕ್ಟರುಗಳಿಗೆ ಒಂದು ಬೇಕಿತ್ತು ಅದು," ಎಂದು ದೇಯಿ ಬಸ್ಸಿಗೆ ನಡೆದಳು.

ಮೂರು ವರ್ಷದ ಸುಖ ಅದು. ಎಂಬತ್ತೆಂಟರ ಮೊದಲಿಗೆ ಶೆಟ್ಟರ ಮಕ್ಕಳು ವ್ಯವಹಾರವನ್ನೆಲ್ಲ ಬೊಂಬಾಯಿಗೆ ಒಯ್ದರು, ಬಂದರಿನ ಆಫೀಸು ಮುಚ್ಚಿತು. ಶೆಟ್ಟರು ಒಳ್ಳೆಯವರು. ಬರಬೇಕಾದ್ದನ್ನೆಲ್ಲ ಒಂದೂ ಬಿಡದೆ ಕೊಟ್ಟು, "ಆಫೀಸಿನಿಂದ ನಿನಗೆ ಎಂತಾದ್ರು ಬೇಕಾ?" ಎಂದು ಕೇಳಿದರು. ಗಾಜಿನ ಕೋಣೆಯ ಕಡೆ ಅವಳ ಕಣ್ಣು ಹೋದದ್ದು ನಿಜ. ಆದರೆ ಕಂಪ್ಯೂಟರು ಆಗಲೇ ಬೊಂಬಾಯಿಗೆ ಹೋಗಿಯಾಗಿತ್ತು. ತಾನು ಕೂತು ಸವೆಸಿದ ತಿರುಗುವ ಕುರ್ಚಿಯನ್ನು ಕೇಳಿದಳು. ಅದನ್ನು ರಿಕ್ಷಾದಲ್ಲಿ ಹೇರಿಕೊಂಡು ಮನೆಗೆ ಬಂದವಳು ಒಂದು ವಾರ ಜಗಲಿಯಲ್ಲಿ ಅದರ ಮೇಲೆ ಕೂತು ಸುಮ್ಮನೆ ಅತ್ತಿತ್ತ ತಿರುಗಿದಳು.

ದಾರಿ ತೋರಿಸಿದ್ದು ದೇಯಿಯ ನರ್ಸಿಂಗ್ ಹೋಮಿನ ಕಿರಿಯ ಡಾಕ್ಟರು, ಶಶಿಪ್ರಭಾ ಎಂಬವಳು. ಅವಳು ದೊಡ್ಡ ಡಿಗ್ರಿಗೆ ಪ್ರಬಂಧ ಬರೆಯುತ್ತಿದ್ದಳು. ಅವಳ ಪ್ರೊಫೆಸರು ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ ತಿದ್ದಿ ಕೊಡುವುದು, ಟೈಪಿಸ್ಟು ಪ್ರತಿಸಲ ಮೊದಲಿನಿಂದ ಹೊಡೆಯುವುದು, ಹೊಡೆಯುವಾಗ ಹೊಸ ತಪ್ಪು ಸೇರುವುದು.

"ಪಾಪ, ನಿನ್ನೆ ಡ್ಯೂಟಿ ರೂಮಿನಲ್ಲಿ ಕೂತು ಕಣ್ಣೀರು ಹಾಕಿ ಕೂಗ್ತಿದ್ಲು," ಎಂದಳು ದೇಯಿ ಗಂಜಿಯ ಬಟ್ಟಲು ಕೈಗೆತ್ತಿಕೊಳ್ಳುತ್ತ. "ಹಾಗಿನವರು ಕಾಲೇಜು ತುಂಬ ಇದ್ದಾರಂತೆ."

ಹೇಮಾಕ್ಷಿ ಕುರ್ಚಿಯಲ್ಲಿ ತಿರುಗುವುದನ್ನು ನಿಲ್ಲಿಸಿದಳು. "ಅಕ್ಕ, ಕಂಪ್ಯೂಟರಿನಲ್ಲಾದರೆ ತಿದ್ದಿದ ಸಾಲು ಮಾತ್ರ ತಿದ್ದಿದರೆ ಸಾಕು."

"ನಿನಗೆ ಗೊತ್ತುಂಟಲ್ಲ ಅದು. ಮತ್ತೆ ಎಂತ ಕೂತದ್ದು?"

ಅಂದು ಹೇಮಾಕ್ಷಿಗೆ ಅನ್ನ ಬೇಯುವುದನ್ನು ಕಾಯಲೂ ತಾಳ್ಮೆ ಇರಲಿಲ್ಲ. ಸೀರೆ ಬದಲಾಯಿಸಿ ಹಂಪನಕಟ್ಟೆಗೆ ಬಸ್ಸು ಹತ್ತಿದಳು. ಅಲ್ಲಿ ಒಂದು ಮಹಡಿಯ ಮೇಲೆ ಅಲೆಕ್ಸ್ ಎಂಬ ಯುವಕ ಕಂಪ್ಯೂಟರು ಜೋಡಿಸಿ ಕೊಡುವ ಅಂಗಡಿ ಇಟ್ಟಿದ್ದ. ಶೆಟ್ಟರ ಗಾಜಿನ ಕೋಣೆಗೆ ರಿಪೇರಿಗೆ ಬರುತ್ತಿದ್ದವನು ಅವನೇ. ಬಿಡಿಭಾಗಗಳನ್ನೆಲ್ಲ ಬೊಂಬಾಯಿಯಿಂದ ತರಿಸುತ್ತಿದ್ದ.

"ಹೇಮಕ್ಕ ಬಂದ್ರು ಅಂದ್ರೆ ನನಗೆ ಹೆದರಿಕೆ," ಎಂದ ಅಲೆಕ್ಸ್. "ಎಂತ ಕೆಟ್ಟಿತು?"

"ಕೆಡ್ಲಿಕ್ಕೆ ಎಂತ ಉಂಟು ನನ್ನತ್ರ? ಒಂದು ಮಾಡಿ ಕೊಡು. ನನಗೆ."

ಅವನು ಸ್ಟೂಲು ಎಳೆದು ಕೊಟ್ಟ. ಇಬ್ಬರೂ ಸೇರಿ ಒಂದೊಂದಾಗಿ ನಿರ್ಧರಿಸಿದರು. ಟೈಪಿಗೆ ಹಾರ್ಡ್ ಡಿಸ್ಕ್ ಬೇಡ, ಎರಡು ಫ್ಲಾಪಿ ಡ್ರೈವು ಸಾಕು. ಪರದೆ ಹಸಿರು ಅಕ್ಷರದ್ದು. ಪ್ರಿಂಟರು ಬೇಡವೇ ಬೇಡ. ಅದರ ಕಿರುಚಾಟ ಅವಳಿಗೆ ಗೊತ್ತಿತ್ತು. ಫ್ಲಾಪಿ ತಂದು ಅಲೆಕ್ಸನ ಅಂಗಡಿಯಲ್ಲೇ ಪ್ರಿಂಟು ತೆಗೆದುಕೊಂಡರಾಯಿತು. ಕೀಬೋರ್ಡುಗಳಲ್ಲಿ ನಾಲ್ಕನ್ನು ಒತ್ತಿ ನೋಡಿ, ಎಲ್ಲಕ್ಕಿಂತ ಮೆತ್ತಗಿರುವುದನ್ನು ಆರಿಸಿದಳು.

ಉಳಿದದ್ದು ಕ್ಯಾಬಿನೆಟ್. ಅಂದರೆ ಈ ಎಲ್ಲ ಸಾಮಾನುಗಳನ್ನೂ ಒಳಗಿಡುವ ಅಗಲದ ತಗಡಿನ ಪೆಟ್ಟಿಗೆ. ಮೇಜಿನ ಮೇಲೆ ಅದನ್ನು ಅಡ್ಡ ಮಲಗಿಸಿ, ಅದರ ತಲೆಯ ಮೇಲೆ ಪರದೆ ಕೂರಿಸುವುದು. ಅಲೆಕ್ಸ್ ಹೆಮ್ಮೆಯಿಂದ ಹೊಸ ನಮೂನೆಯದ್ದೊಂದನ್ನು ತಂದಿಟ್ಟ. ಕೆನೆಬಣ್ಣ, ಎದುರಿಗೆ ಕೆಂಪು ಹಸಿರು ದೀಪ, ಕಾರಿನ ಬಾನೆಟ್ಟಿನಂತೆ ಮೇಲಕ್ಕೆ ತೆರೆಯುವ ಮುಚ್ಚಳ. ಸ್ವಿಚ್ಚು ಹಾಕಿದ.

ಹೇಮಾಕ್ಷಿ ಕಣ್ಣು ಮುಚ್ಚಿದಳು.

"ಎಂತ ಹೇಮಕ್ಕ, ಪ್ರಾರ್ಥನೆಯಾ?"

"ಸುಮ್ಮನಿರು ಮಾರಾಯ. ಕೇಳ್ತಾ ಇದ್ದೇನೆ." ಕಣ್ಣು ತೆರೆದಳು. "ಇದರೊಳಗೆ ಗಿರಣಿ ಉಂಟಾ?"

"ಫ್ಯಾನು ಅಲ್ವಾ. ಎಲ್ಲದರಲ್ಲೂ ಹೀಗೆಯೇ. ಆಫೀಸಿನದ್ದರಲ್ಲಿ ಏಸಿಯ ಸದ್ದಿಗೆ ನಿಮಗೆ ಗೊತ್ತಾಗ್ತಿರ್ಲಿಲ್ಲ."

ಆಗ ಹೇಮಾಕ್ಷಿ ಅಕ್ಕನ ವಿಷಯ ಹೇಳಿದಳು. ಸಂಜೆ ದೇರೆಬೈಲಿನಲ್ಲಿ ಕರೆಂಟು ಇಳಿದು ಬಲ್ಬು ಮಿಣುಕು ಹುಳದಂತೆ ಆಗುವುದರಿಂದ ಕೆಲಸ ಹಗಲಿನಲ್ಲೇ ಮಾಡಬೇಕು. ಹಗಲಿನಲ್ಲಿ ಅಕ್ಕ ಮಲಗುತ್ತಾಳೆ. ಅಡಿಗೆಕೋಣೆಯಲ್ಲಿ ಹೊಗೆ, ಜಗಲಿಯಲ್ಲಿ ಧೂಳು, ಮಳೆಗಾಲದಲ್ಲಿ ಎರಚಲು. ಇರುವುದು ಒಂದೇ ಕೋಣೆ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ಎಂದು ಅಕ್ಕ ಹೇಳಿಯಾಗಿತ್ತು. ಅಕ್ಕ ಹೇಳುತ್ತಾಳೆ, ಇಟ್ಟುಕೊಳ್ಳುತ್ತಾಳೆ, ನಿದ್ದೆಗೆಟ್ಟು ಒಂದು ಮಾತೂ ಆಡದೆ ಡ್ಯೂಟಿಗೆ ಹೋಗುತ್ತಾಳೆ. ಹೇಮಾಕ್ಷಿಗೆ ಬೇಡವಾಗಿದ್ದದ್ದು ಅದೇ.

"ಕೀಬೋರ್ಡಿನ ಸದ್ದು ನನ್ನ ಕೈಯಲ್ಲುಂಟು, ಮೆಲ್ಲ ಒತ್ತಬಹುದು," ಎಂದಳು. "ಪೆಟ್ಟಿಗೆಯ ಸದ್ದು ನನ್ನ ಕೈಯಲ್ಲಿಲ್ಲವಲ್ಲ."

ಮಾತಿನ ನಡುವೆ ಅವಳ ಅಂಗೈ ತಾನಾಗಿಯೇ ಮುಚ್ಚಳದ ಮೇಲೆ ಕೂತಿತ್ತು. ಸದ್ದು ಅರ್ಧಕ್ಕರ್ಧ ಇಳಿದಂತಾಯಿತು. ಕೈ ತೆಗೆದಳು, ಗುಂಯ್ ಎಂದು ಮತ್ತೆ ಏರಿತು. ಮತ್ತೆ ಇಟ್ಟಳು, ಇಳಿಯಿತು.

"ಅಲೆಕ್ಸ್, ಇಲ್ಲಿ ಕೈ ಇಡು. ಈಗ ತೆಗಿ. ಗೊತ್ತಾಯ್ತಾ? ಫ್ಯಾನು ಊದ್ತಾ ಉಂಟು ಅಷ್ಟೆ. ಹಾಡುದು ಈ ತಗಡು."

ಅಲೆಕ್ಸ್ ಕೈ ಇಟ್ಟ, ತೆಗೆದ, ಇಟ್ಟ. ಆಮೇಲೆ ಮುಚ್ಚಳದ ಅಂಚನ್ನು ಎರಡು ಬೆರಳಿನಲ್ಲಿ ಬಗ್ಗಿಸಿ ನೋಡಿದ. ಅದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದಷ್ಟು ಸುಲಭವಾಗಿ ಬಗ್ಗಿತು. ಅವನ ಮುಖದಲ್ಲೂ ಏನೋ ಹೊತ್ತಿಕೊಂಡಿತು. ಅಂಗಡಿಯಲ್ಲಿದ್ದ ಉಳಿದ ಎರಡು ಕ್ಯಾಬಿನೆಟ್ಟುಗಳನ್ನೂ ಇಳಿಸಿ, ಫ್ಯಾನನ್ನು ಬಿಚ್ಚಿ ಒಂದೊಂದಕ್ಕೂ ಹಾಕಿ ಓಡಿಸಿದ. ಒಂದು ಗುಂಯ್ ಎಂದಿತು, ಇನ್ನೊಂದು ಕಟಕಟ ಹಲ್ಲು ಕಡಿಯಿತು. ಅದರ ಅಂಚು ಹೇಮಾಕ್ಷಿಯ ಬೆರಳನ್ನೂ ಕೊಯ್ದಿತು.

"ದಪ್ಪ ತಗಡಿನದ್ದು ಬೇಕು," ಎಂದ ಅಲೆಕ್ಸ್. "ಮೊದಲು ಫಾರಿನ್ನಿನಿಂದ ಬರ್ತಿತ್ತಲ್ಲ, ಅಂಥಾದ್ದು. ಈಗ ಹೊಸದು ಸಿಗುದಿಲ್ಲ. ಹಳೆಯದು ಎಲ್ಲಿಯಾದರೂ ಖಾಲಿ ಬಿದ್ದಿದ್ದರೆ ತನ್ನಿ, ನಾನು ಒಳಗೆ ಹೊಂದಿಸಿ ಕೊಡ್ತೇನೆ."

ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮೆಟ್ಟಿಲಿಳಿದ ಹೇಮಾಕ್ಷಿಗೆ ನಾಲ್ವತ್ತರ ಮೇಲಿನ ವಯಸ್ಸು ನೆನಪೇ ಇರಲಿಲ್ಲ.

ಮರುದಿನ ಬಜಪೆಗೆ ಹೋದಳು. ಅಲ್ಲಿ ವಿಮಾನ ನಿಲ್ದಾಣದ ದಾರಿಯಲ್ಲಿ ದುಬಾಯಿಯಿಂದ ಮರಳಿದ ಒಬ್ಬರ ಮನೆಯಲ್ಲಿ ಕೆಟ್ಟ ಕಂಪ್ಯೂಟರು ಉಂಟೆಂದು ಅಲೆಕ್ಸನಿಗೆ ಯಾರೋ ಹೇಳಿದ್ದರು. ಹೌದು, ಇತ್ತು. ತಗಡು ದಪ್ಪವೇ. ಆದರೆ ಅದು ಚಾವಡಿಯ ಶೋಕೇಸಿನಲ್ಲಿ, ಗಾಜಿನ ಹೂದಾನಿಯ ಪಕ್ಕ, ಕಸೂತಿಯ ಬಟ್ಟೆ ಹೊದ್ದು ಕೂತಿತ್ತು. ಮನೆಯೊಡತಿ ಶರಬತ್ತು ಕೊಟ್ಟಳು, ಮುಟ್ಟಲು ಬಿಟ್ಟಳು, ಕೊಡುವ ಮಾತಿಗೆ ಮಾತ್ರ ನಕ್ಕುಬಿಟ್ಟಳು. "ಅವರು ಅದನ್ನು ವಿಮಾನದಲ್ಲಿ ತೊಡೆಯ ಮೇಲೆ ಇಟ್ಕೊಂಡು ಬಂದದ್ದು. ಕೆಟ್ಟರೂ ಇರ್ಲಿ." ಬರಿಗೈಯಲ್ಲಿ ಬಂದರೂ ಹೇಮಾಕ್ಷಿಗೆ ಬೇಸರವಾಗಲಿಲ್ಲ. ಒಳ್ಳೆಯ ಪೆಟ್ಟಿಗೆ ಹೇಗಿರುತ್ತದೆ ಎಂದು ಅಂಗೈಗೆ ಈಗ ಗೊತ್ತಾಗಿತ್ತು.

ಆಮೇಲೆ ನೆನಪಾದದ್ದು ಬಂದರಿನ ಮೋನು ಬ್ಯಾರಿ. ಹಡಗಿನ ಹಳೇ ಸಾಮಾನು, ಮುಚ್ಚಿದ ಆಫೀಸುಗಳ ಮೇಜು ಕಪಾಟು, ಎಂತದ್ದು ಬೇಕಾದರೂ ಕೊಂಡು ಮಾರುವ ಮನುಷ್ಯ. ಶೆಟ್ಟರ ಆಫೀಸಿನ ಟೈಪ್‌ರೈಟರುಗಳೂ ಕೊನೆಗೆ ಅವನ ಗೋದಾಮಿಗೇ ಹೋಗಿದ್ದವು. ಮೀನು ಮಾರ್ಕೆಟಿನ ಗಲಾಟೆ ದಾಟಿ, ಒದ್ದೆ ಓಣಿಯಲ್ಲಿ ಸೀರೆ ಎತ್ತಿ ಹಿಡಿದು ಅವಳು ಗೋದಾಮಿನ ಬಾಗಿಲಿಗೆ ಬಂದಾಗ ಮೋನು ಬ್ಯಾರಿ ಬಾಗಿಲ ಬಳಿಯೇ ಕೂತು ಚಾ ಕುಡಿಯುತ್ತಿದ್ದ.

"ಅಮ್ಮ, ಬನ್ನಿ. ಟೈಪ್‌ರೈಟರು ನೋಡ್ಲಿಕ್ಕಾ? ಮೂರು ಹೋಯ್ತು."

"ಅಲ್ಲ ಬ್ಯಾರಿಗಳೇ. ಕಂಪ್ಯೂಟರಿನ ಪೆಟ್ಟಿಗೆ. ಒಳಗೆ ಎಂತ ಇಲ್ಲದಿದ್ದರೂ ಅಡ್ಡಿಲ್ಲ, ದಪ್ಪ ಇರ್ಬೇಕು."

"ಅಂಥಾದ್ದು ಇಲ್ಲವಲ್ಲ," ಎನ್ನುತ್ತ ಅವನು ಕೂತಲ್ಲೇ ಒಂದು ಬದಿಗೆ ಸರಿದ. ಆಗ ಹೇಮಾಕ್ಷಿಯ ಕಣ್ಣು ಅವನು ಕೂತಿದ್ದ ವಸ್ತುವಿನ ಮೇಲೆ ಬಿತ್ತು. ಗೋಣಿಚೀಲ ಹೊದಿಸಿದ, ಮೂಲೆಗಳು ಉರುಟಾಗಿದ್ದ ಏನೋ ಒಂದು. ಕೆಳಗೆ ಎರಡು ಇಟ್ಟಿಗೆ.

"ಅದೆಂತ, ನೀವು ಕೂತದ್ದು?"

"ಇದಾ? ಯಾವುದೋ ಶಿಪ್ಪಿಂಗ್ ಕಂಪೆನಿಯದ್ದು. ಒಳಗಿನದ್ದು ಅವರೇ ತೆಗೆದಿದ್ದರು. ನಾನು ಮೂರು ವರ್ಷದಿಂದ ಕೂರ್ತಾ ಇದ್ದೇನೆ, ಒಂದು ಚೂರು ಬಗ್ಗಲಿಲ್ಲ."

ಮೋನು ಬ್ಯಾರಿ ಸಣ್ಣ ಆಸಾಮಿಯಾಗಿರಲಿಲ್ಲ. ಹೇಮಾಕ್ಷಿ ಅವನನ್ನು ಎಬ್ಬಿಸಿ, ಗೋಣಿ ಸರಿಸಿ, ಮೊಣಕಾಲೂರಿ ಕೂತಳು. ಬೂದು ಬಣ್ಣದ ಕ್ಯಾಬಿನೆಟ್. ಒಂದು ಬದಿಯಲ್ಲಿ ನೆಗ್ಗು, ಹಿಂದುಗಡೆ ತುಸು ತುಕ್ಕು. ಅಂಚುಗಳನ್ನೆಲ್ಲ ಒಳಕ್ಕೆ ಮಡಚಿದ್ದರಿಂದ ಬೆರಳಾಡಿಸಿದರೆ ಎಲ್ಲೂ ಚುಚ್ಚಲಿಲ್ಲ. ಮುಚ್ಚಳ ಡ್ರಾವರಿನಂತೆ ಜಾರಿ ಹೋಗಿ ಬಿಗಿಯಾಗಿ ಕೂತುಕೊಳ್ಳುವಂಥದ್ದು. ಅವಳು ಗೆಣ್ಣಿನಿಂದ ಕುಟ್ಟಿದಳು. ಅಪ್ಪ ಹಂಚನ್ನು ಕುಟ್ಟಿ ನೋಡುವಾಗ ಟಣ್ ಎಂದರೆ ಗಟ್ಟಿ ಎನ್ನುತ್ತಿದ್ದ. ಇಲ್ಲಿ ಲೆಕ್ಕ ತಿರುವುಮುರುವು. ಪೆಟ್ಟಿಗೆ ಟಣ್ ಎನ್ನಲಿಲ್ಲ. ಮರದ ಕಂಬಕ್ಕೆ ಕುಟ್ಟಿದಂತೆ ಡಬ್ ಎಂದು ಅಲ್ಲೇ ಸತ್ತಿತು. ಇನ್ನೊಂದು ಬದಿ ಕುಟ್ಟಿದಳು, ಅದೂ ಡಬ್. ಮುಚ್ಚಳ ತೆಗೆದು ತಲೆ ಒಳಗೆ ಹಾಕಿ ಕುಟ್ಟಿದಳು.

ಮೋನು ಬ್ಯಾರಿ ಚಾದ ಗ್ಲಾಸು ಹಿಡಿದು ನಿಂತೇ ನೋಡುತ್ತಿದ್ದ. "ಎಂತ ಉಂಟು ಒಳಗೆ?"

"ಎಂತದೂ ಇಲ್ಲ. ಅದೇ ಚಂದ," ಎಂದಳು ಹೇಮಾಕ್ಷಿ. ಕೆನ್ನೆಗೆ ತುಕ್ಕು ಮೆತ್ತಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. "ಇದು ನನಗೆ ಕೊಡಿ."

"ಇದು ಮಾರ್ಲಿಕ್ಕೆ ಇದ್ದದ್ದಲ್ಲ ಅಮ್ಮ. ಕೂತ್ಕೊಳ್ಳಿಕ್ಕೆ. ನನ್ನ ಸೊಂಟಕ್ಕೆ ಇದರ ಎತ್ತರ ಸರಿ ಆಗಿದೆ. ಕುರ್ಚಿಗಳು ಬರ್ತವೆ, ಹೋಗ್ತವೆ, ಯಾವುದೂ ನನ್ನ ಭಾರಕ್ಕೆ ನಿಲ್ಲುದಿಲ್ಲ."

"ಎತ್ತರ ಬೇಕಾದ ಹಾಗೆ ಏರಿಸಿ ಇಳಿಸುವ ಕುರ್ಚಿ ಕೊಟ್ಟರೆ? ಕಬ್ಬಿಣದ್ದು. ಸುತ್ತ ತಿರುಗ್ತದೆ."

ಬಾಯಿಂದ ಬಂದ ಮೇಲೆ ಅವಳಿಗೇ ಒಂದು ಗಳಿಗೆ ಕಸಿವಿಸಿಯಾಯಿತು. ಇಪ್ಪತ್ತು ವರ್ಷದ ಕುರ್ಚಿ. ಆದರೆ ಮೋನು ಬ್ಯಾರಿ ಆಗಲೇ, "ತಿರುಗ್ತದಾ?" ಎಂದು ಕೇಳಿಯಾಗಿತ್ತು. ಆ ಪ್ರಶ್ನೆಯಲ್ಲಿದ್ದ ಆಸೆ ನೋಡಿ ಅವಳಿಗೆ ನಗು ಬಂತು, ಕಸಿವಿಸಿ ಹೋಯಿತು. ಓಣಿಯ ತುದಿಯಲ್ಲಿ ರಿಕ್ಷಾ ಹಿಡಿದು ದೇರೆಬೈಲಿಗೆ ಓಡಿದಳು. ಬೆಕ್ಕಿನ ಹೆಜ್ಜೆ ಇಟ್ಟು ಜಗಲಿಯಿಂದ ಕುರ್ಚಿ ಎತ್ತಿಕೊಂಡು ಅದೇ ರಿಕ್ಷಾದಲ್ಲಿ ವಾಪಸು ಬಂದಳು. ಮೋನು ಬ್ಯಾರಿ ಕುರ್ಚಿಯ ಮೇಲೆ ಕೂತ. ಮೊದಲು ಮೀನು ಮಾರ್ಕೆಟಿನ ಕಡೆ ತಿರುಗಿದ, ಆಮೇಲೆ ಹೊಳೆಯ ಕಡೆ, ಆಮೇಲೆ ಗೋದಾಮಿನ ಒಳಕ್ಕೆ.

"ಇನ್ನು ಗಿರಾಕಿ ಎಲ್ಲಿಂದ ಬಂದರೂ ಅಡ್ಡಿಲ್ಲ," ಎಂದು ತನ್ನ ಕೆಲಸದವರನ್ನು ಕರೆದು ಕ್ಯಾಬಿನೆಟ್ಟನ್ನು ರಿಕ್ಷಾಕ್ಕೆ ಹೇರಿಸಿದ. ಎತ್ತಲು ಇಬ್ಬರು ಬೇಕಾಯಿತು.

ಅಲೆಕ್ಸ್ ಮೆಟ್ಟಿಲ ಮೇಲೆ ಅದನ್ನು ನೋಡಿ, "ಇದು ಹಡಗಾ, ಪೆಟ್ಟಿಗೆಯಾ?" ಎಂದ. ಆದರೆ ಮುಚ್ಚಳ ಜಾರಿಸಿ ಒಳಗೆ ನೋಡಿದವನು ಮತ್ತೆ ತಮಾಷೆ ಮಾಡಲಿಲ್ಲ. ಬೋರ್ಡು ಕೂರಿಸುವ ತೂತುಗಳಲ್ಲಿ ಎರಡು ಬಿಟ್ಟರೆ ಎಲ್ಲ ಹೊಂದುತ್ತಿದ್ದವು. ಆ ಎರಡನ್ನು ಕೊರೆದರಾಯಿತು. ನೆಗ್ಗನ್ನು ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತೆಗೆದ. ತುಕ್ಕನ್ನು ಹೇಮಾಕ್ಷಿಯೇ ಮರಳು ಕಾಗದದಿಂದ ಉಜ್ಜಿದಳು. ತೆಗೆದುಕೊಂಡು ಹೋಗಿ ಬಣ್ಣ ಹೊಡೆಸೋಣವೇ ಎಂದು ಅಲೆಕ್ಸ್ ಕೇಳಿದ. ಅವಳಿಗೆ ಅಷ್ಟು ಕಾಯುವ ಮನಸ್ಸಿರಲಿಲ್ಲ.

ಫ್ಯಾನಿನ ಊದುವಿಕೆ ಇನ್ನೂ ಉಳಿದಿತ್ತು. ಟೈಪ್‌ರೈಟರಿನ ಕೆಳಗೆ ಆಫೀಸಿನಲ್ಲಿ ದಪ್ಪ ಉಣ್ಣೆಯ ಚಾಪೆ ಹಾಕುತ್ತಿದ್ದದ್ದು ಹೇಮಾಕ್ಷಿಗೆ ಗೊತ್ತಿತ್ತು, ಇಲ್ಲವಾದರೆ ಮೇಜೂ ಸೇರಿ ಬಡಿದುಕೊಳ್ಳುತ್ತದೆ. "ಫ್ಯಾನಿಗೂ ತಗಡಿಗೂ ನಡುವೆ ಎಂತಾದ್ರು ಮೆತ್ತಗಿನದ್ದು ಇಡು," ಎಂದಳು. ಅಲೆಕ್ಸ್ ಕೆಳಗಿನ ಸೈಕಲ್ ಅಂಗಡಿಯಿಂದ ಹಳೇ ಟ್ಯೂಬು ತಂದು, ಉರುಟು ಚೂರುಗಳಾಗಿ ಕತ್ತರಿಸಿ, ಪ್ರತಿ ಸ್ಕ್ರೂವಿನ ಅಡಿಗೂ ಒಂದೊಂದು ಹಾಕಿದ. ಆಮೇಲೆ ಗಡ್ಡ ತುರಿಸಿಕೊಂಡು, ಫ್ಯಾನಿನ ವಯರನ್ನು ಬಿಚ್ಚಿ ಬೇರೆ ಕಡೆ ಹಾಕಿದ. ಅದಕ್ಕೆ ಸಿಗುವ ಕರೆಂಟು ಕಡಿಮೆಯಾಗಿ ರೆಕ್ಕೆ ನಿಧಾನವಾಯಿತು.

"ಬಿಸಿ ಆದರೆ?" ಎಂದಳು ಹೇಮಾಕ್ಷಿ.

"ಅದೇ ನೋಡ್ಲಿಕ್ಕುಂಟು."

ಮಾರ್ಚಿನ ಮಧ್ಯಾಹ್ನ. ಮಹಡಿಯ ತಗಡಿನ ಮಾಡು ಕಾದು ಕೆಂಡವಾಗಿತ್ತು. ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಕಿರಲಿಲ್ಲ. ಕಂಪ್ಯೂಟರು ಹಾಕಿಟ್ಟು ಇಬ್ಬರೂ ಸರದಿಯಂತೆ ಹಿಂದುಗಡೆ ಅಂಗೈ ಹಿಡಿದು, ಬರುವ ಗಾಳಿ ಎಷ್ಟು ಬಿಸಿ ಎಂದು ನೋಡುತ್ತ ಕೂತರು. ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಬೆಚ್ಚಗಿತ್ತು. ಇನ್ನಷ್ಟು ಹೊತ್ತು ಬಿಟ್ಟು ಮುಟ್ಟಿದರು, ಬೆಚ್ಚಗೇ ಇತ್ತು. ಕಿಟಕಿ ಬಾಗಿಲು ಮುಚ್ಚಿ, ಬೀದಿಯ ಸದ್ದು ತಗ್ಗಿಸಿ, ಹೇಮಾಕ್ಷಿ ಪೆಟ್ಟಿಗೆಯ ಮೇಲೆ ಕಿವಿ ಇಟ್ಟಳು. ಒಳಗೆ ಎಲ್ಲೋ ದೂರದಲ್ಲಿ ಯಾರೋ ಬಿಸಿ ಚಾಕ್ಕೆ ಉಫ್ ಎಂದು ಊದಿದ ಹಾಗೆ, ಅಷ್ಟೆ. ಕಿವಿ ತೆಗೆದರೆ ಅದೂ ಇಲ್ಲ.

"ಅಲೆಕ್ಸ್, ಚಾಲೂ ಉಂಟಲ್ವಾ?"

"ಪರದೆ ನೋಡಿ ಹೇಮಕ್ಕ."

ಹಸಿರು ಚುಕ್ಕೆ ಮಿನುಗುತ್ತಿತ್ತು. ಅಲೆಕ್ಸ್ ಬಾಗಿಲು ತೆರೆದು ಕೆಳಗಿನ ಹೋಟೆಲಿಗೆ ಎರಡು ಐಸ್‌ಕ್ರೀಮಿಗೆ ಕೂಗಿದ.

ಮರುದಿನ ಬೆಳಿಗ್ಗೆ ದೇಯಿ ಬರುವುದರೊಳಗೆ ಎಲ್ಲ ಮನೆಗೆ ಬಂದಿತ್ತು. ರಿಕ್ಷಾದಲ್ಲಿ ಅಲೆಕ್ಸ್ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಕಂಬಳಿ ಮಡಚಿ ಹಾಸಿ, ಅದರ ಮೇಲೆ ಕ್ಯಾಬಿನೆಟ್ ಇಟ್ಟರು. ಕರೆಂಟಿನ ಏರಿಳಿತ ಸರಿಪಡಿಸುತ್ತ ಟಕಟಕ ಎನ್ನುವ ಸ್ಟೆಬಿಲೈಸರನ್ನು ಅಡಿಗೆಕೋಣೆಯ ಆಚೆ ಗೋಡೆಗೆ ತೂಗುಹಾಕಿ ಉದ್ದ ವಯರು ಎಳೆದರು. ಕೂರಲು ಅಪ್ಪನ ಕಾಲದ ಹಲಸಿನ ಮಣೆ ಹೊಡೆದ ಸ್ಟೂಲು. ಅಲೆಕ್ಸ್ ಹೋದ. ದೇಯಿ ಬಂದಳು, ನೋಡಿದಳು, ಬೂದು ಪೆಟ್ಟಿಗೆಯನ್ನು ಒಮ್ಮೆ ಸವರಿದಳು.

"ನಮ್ಮ ಆಸ್ಪತ್ರೆಯ ಕಪಾಟಿನ ಹಾಗೆ ಗಟ್ಟಿ ಉಂಟು. ಕುರ್ಚಿ ಎಲ್ಲಿ?"

"ಬಂದರಿನಲ್ಲಿ. ಆಮೇಲೆ ಹೇಳ್ತೇನೆ. ನೀನು ಮಲಗು."

"ಹತ್ತಿ ಬೇಕಾ?"

"ಬೇಡ."

ದೇಯಿ ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೇಮಾಕ್ಷಿ ಸ್ಟೂಲಿನ ಮೇಲೆ ಕೂತು ಅಕ್ಕನ ಬೆನ್ನು ಏರಿ ಇಳಿಯುವುದನ್ನು ನೋಡುತ್ತ ಕಾದಳು. ಉಸಿರು ಉದ್ದವಾಯಿತು. ಇನ್ನು ಸರಿ ಎಂದು ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು, ಸದ್ದಿಲ್ಲ. ಪರದೆ ಬೆಳಗಿತು, ಸದ್ದಿಲ್ಲ. ಹೇಮಾಕ್ಷಿಯ ಮುಖದಲ್ಲಿ ನಗು ಇನ್ನೇನು ಅರಳಬೇಕು, ಅಷ್ಟರಲ್ಲಿ ಪೆಟ್ಟಿಗೆ ತಾನು ಸಿದ್ಧ ಎಂದು ತಿಳಿಸಲು ಒಂದು ಕೂಗು ಹಾಕಿತು.

ಬೀಪ್.

ಶುರುವಾಗುವಾಗ ಎಲ್ಲ ಕಂಪ್ಯೂಟರುಗಳೂ ಹಾಕುವ ಕೂಗು ಅದು. ಗಾಜಿನ ಕೋಣೆಯಲ್ಲಿ ಮೂರು ವರ್ಷ ದಿನಾ ಕೇಳಿ ಕೇಳಿ ಹೇಮಾಕ್ಷಿಗೆ ಅದು ಸದ್ದೆಂದೇ ಅನಿಸುತ್ತಿರಲಿಲ್ಲ. ಹಂಪನಕಟ್ಟೆಯ ಬಸ್ಸುಗಳ ಹಾರ್ನಿನ ನಡುವೆ ಅದನ್ನು ಅವಳೂ ಗಮನಿಸಿರಲಿಲ್ಲ, ಅಲೆಕ್ಸನೂ ಗಮನಿಸಿರಲಿಲ್ಲ. ದೇಯಿ ಸ್ಪ್ರಿಂಗಿನಂತೆ ಎದ್ದು ಕೂತಳು. ಕಣ್ಣು ಅರ್ಧ ಮುಚ್ಚಿದ್ದಂತೆಯೇ ಕಾಲಿನಲ್ಲಿ ಚಪ್ಪಲಿ ಹುಡುಕಿದಳು.

"ಎಷ್ಟನೇ ನಂಬ್ರ? ಬಂದೆ, ಬಂದೆ. ಗ್ಲೂಕೋಸು ಮುಗಿಯಿತಾ?"

ಹೇಮಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗು ತಡೆಯಲಿಲ್ಲ. ದೇಯಿ ಎರಡು ಹೆಜ್ಜೆ ನಡೆದು, ಎದುರಿಗೆ ವಾರ್ಡಿನ ಬದಲು ದೇವರ ದೀಪ ಕಂಡು ನಿಂತಳು. ಆಮೇಲೆ ತಂಗಿಯ ಕಡೆ ತಿರುಗಿದಳು. ನಗುನಗುತ್ತಲೇ ಹೇಮಾಕ್ಷಿಯ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಇಷ್ಟೆಲ್ಲ ಅಲೆದು, ಕೊನೆಗೆ ಅಕ್ಕನನ್ನು ಎಬ್ಬಿಸಿಯೇ ಬಿಟ್ಟೆನಲ್ಲ ಎಂದು.

"ಅಕ್ಕ, ಇದು ಕೂಗ್ತದೆ ಅಂತ ನನಗೆ ನೆನಪೇ ಆಗ್ಲಿಲ್ಲ. ನೀನು ಮಲಗು. ನಾನು ಬಂದ್ ಮಾಡ್ತೇನೆ."

"ಬಂದ್ ಮಾಡ್ಲಿಕ್ಕೆ ನೀನು ಹಾಕಿದ್ದೇ ಎಲ್ಲಿ? ಚಾಲೂ ಮಾಡು, ನೋಡುವ."

ಹೇಮಾಕ್ಷಿ ಅವಳ ಮುಖವನ್ನೇ ನೋಡಿದಳು. "ಚಾಲೂ ಉಂಟು ಅಕ್ಕ."

"ಎಲ್ಲಿ ಉಂಟು? ಸದ್ದೇ ಇಲ್ಲ."

ತೆಂಗಿನ ಗರಿಗೆ ಎದ್ದು ಕೂರುವ ಕಿವಿ ಆ ಮಾತು ಹೇಳಿದ್ದು. ಹೇಮಾಕ್ಷಿ ಅಕ್ಕನ ಕೈ ಹಿಡಿದೆಳೆದು ಪೆಟ್ಟಿಗೆಯ ಹಿಂದೆ ಇಟ್ಟಳು. ಬೆಚ್ಚನೆಯ ಗಾಳಿ ತಾಗಿದಾಗ ದೇಯಿಯ ಹುಬ್ಬು ಮೇಲೇರಿತು. ಬಗ್ಗಿ ಕಿವಿ ಇಟ್ಟು ಕೇಳಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಉಸಿರು ಸರಿ ಉಂಟು," ಎಂದಳು ಕೊನೆಗೆ.

ಅಂದು ದೇಯಿ ಮತ್ತೆ ಮಲಗಲಿಲ್ಲ. ಹೇಮಾಕ್ಷಿ ಅವಳ ಹೆಸರನ್ನು ಪರದೆಯ ಮೇಲೆ ಬರೆದು ತೋರಿಸಿದಳು, ಅಳಿಸಿ ತೋರಿಸಿದಳು. ದೇಯಿ ಸ್ಟೂಲಿನಲ್ಲಿ ಕೂತು ಒಂದೇ ಬೆರಳಲ್ಲಿ ಅಪ್ಪನ ಹೆಸರು ಒತ್ತಿದಳು, ತಪ್ಪಿತು, ಅಳಿಸಿದಳು, ಮತ್ತೆ ತಪ್ಪಿತು, ಮತ್ತೆ ಅಳಿಸಿದಳು. ಅಳಿಸುವುದೇ ಅವಳಿಗೆ ಹೆಚ್ಚು ಹಿಡಿಸಿತು. ಬಂದರಿನ ಕುರ್ಚಿಯ ಕಥೆ ಕೇಳಿ ಮೋನು ಬ್ಯಾರಿ ತಿರುಗಿದ್ದನ್ನು ತಂಗಿಯಿಂದ ಎರಡು ಸಲ ಮಾಡಿಸಿ ನೋಡಿದಳು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಬಂಗುಡೆ ಸಾರಿನಲ್ಲಿ ಊಟ ಮಾಡಿದರು. ಎಷ್ಟೋ ಕಾಲವಾಗಿತ್ತು ಹಾಗೆ ಹಗಲೂಟಕ್ಕೆ ಇಬ್ಬರೂ ಸೇರಿ.

ಸಂಜೆ ದೇಯಿಯ ನರ್ಸಿಂಗ್ ಹೋಮಿನಿಂದ ಅಲೆಕ್ಸನಿಗೆ ಫೋನು ಹೋಯಿತು. ಮರುದಿನ ಬಂದು ಅವನು ಮುಚ್ಚಳ ಜಾರಿಸಿ, ಒಳಗಿನ ಸಣ್ಣ ಸ್ಪೀಕರಿನ ಎರಡು ವಯರುಗಳನ್ನು ಕಿತ್ತ. ಅಷ್ಟಕ್ಕೇ ಮುಗಿಯಿತು. "ಇಷ್ಟು ಸಣ್ಣದು ನನ್ನ ತಲೆಗೆ ಹೋಗ್ಲಿಲ್ಲ," ಎಂದು ಅವನು ಪೇಚಾಡಿಕೊಂಡರೆ, ದೇಯಿ ಅವನಿಗೆ ಗಟ್ಟಿ ಬೆಲ್ಲದ ಕಾಫಿ ಕೊಟ್ಟಳು.

ಡಾಕ್ಟರು ಶಶಿಪ್ರಭಾ ಕಾಗದದ ಕಂತೆಯೊಂದಿಗೆ ಮೊದಲ ಗಿರಾಕಿಯಾಗಿ ಬಂದಳು. ಪ್ರೊಫೆಸರು ತಿದ್ದಿದ ಹಾಳೆ ಬೆಳಿಗ್ಗೆ ತಂದರೆ ಮರುದಿನ ತಿದ್ದುಪಡಿಯಾದ ಪ್ರತಿ ಕೈಗೆ. ಅವಳ ಗೆಳತಿಯರು ಬಂದರು, ಗೆಳತಿಯರ ಗೆಳೆಯರು ಬಂದರು. ಜಗಲಿಯ ಕಂಬಕ್ಕೆ ಹೇಮಾಕ್ಷಿ ಒಂದು ರಟ್ಟು ತೂಗುಹಾಕಿದಳು: "ಬಾಗಿಲು ಬಡಿಯಬಾರದು. ಜಗಲಿಯಲ್ಲಿ ಕೂರಿ. ನಾನೇ ಬರುತ್ತೇನೆ." ನಾಳೆಯ ದೊಡ್ಡ ದೊಡ್ಡ ಸರ್ಜನ್ನುಗಳೆಲ್ಲ ಆ ಜಗಲಿಯಲ್ಲಿ ಬಾಯಿಗೆ ಬೀಗ ಹಾಕಿ ಕೂತು ಕಾದರು.

ಮಳೆಗಾಲದ ಒಂದು ಮಧ್ಯಾಹ್ನ. ಗುಡುಗಿಗೆ ದೇಯಿ ಎಚ್ಚರಗೊಂಡು ಹೊದಿಕೆಯೊಳಗಿಂದಲೇ ತಂಗಿಯನ್ನು ನೋಡಿದಳು. ಹೇಮಾಕ್ಷಿ ಪರದೆಯ ಹಸಿರು ಬೆಳಕಿನಲ್ಲಿ ಕೂತಿದ್ದಳು. ಬೆರಳುಗಳು ಮಲ್ಲಿಗೆ ಕಟ್ಟುವ ಹಾಗೆ ಮೆಲ್ಲ ಆಡುತ್ತಿದ್ದವು.

"ಇವತ್ತು ಕೆಲಸ ಇರ್ಲಿಲ್ಲವಾ?" ಎಂದಳು ದೇಯಿ.

"ಬೆಳಿಗ್ಗೆಯಿಂದ ಮಾಡ್ತಾನೇ ಇದ್ದೇನೆ. ಒಂದು ಅಧ್ಯಾಯ ಮುಗಿಯಿತು. ಗುಡುಗು ಬರ್ತಾ ಉಂಟು, ಈಗ ಬಂದ್ ಮಾಡ್ಬೇಕು."

"ಹಾಗಾದರೆ ಚಾ ಇಡು," ಎಂದು ದೇಯಿ ಎದ್ದು ಕೂದಲು ಕಟ್ಟಿಕೊಂಡಳು. "ಅಧ್ಯಾಯದಲ್ಲಿ ಎಂತ ಬರೆದಿದ್ದಾರೆ, ಓದಿ ಹೇಳು. ತಪ್ಪಿದ್ದರೆ ನಾನು ಹೇಳ್ತೇನೆ."